ಇಮಾನದ ಬೋರೆಯ ಚೇರ್ಮನ್ನರು

ಮಾತು ಶುರುಮಾಡುವ ಮೊದಲು ಒಂದು ಸಲ ಆಕಾಶ ನೋಡುವುದು ಅವರ ಅಭ್ಯಾಸ. ಪಂಚಾಯ್ತಿ ಕಟ್ಟೆಯ ಮೇಲೆ ನ್ಯಾಯ ಹೇಳುವಾಗಲೂ ಅಷ್ಟೆ, ನಮ್ಮ ಮನೆಯ ಜಗಲಿಯಲ್ಲಿ ಅವ್ವ ಕೊಟ್ಟ ಮಜ್ಜಿಗೆ ಕುಡಿಯುವಾಗಲೂ ಅಷ್ಟೆ. ಕತ್ತು ಹಿಂದಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, ಮೇಲೆ ಯಾರೋ ಪರಿಚಯದವರು ಹೋಗುತ್ತಿದ್ದಾರೇನೋ ಎಂಬಂತೆ ನೋಡಿ, ಆಮೇಲೆ "ಹೂಂ, ಹೇಳಪ್ಪ" ಅನ್ನುತ್ತಿದ್ದರು. ಮನೆಯೊಳಗೆ ಕೂತಿದ್ದರೆ ಆಕಾಶದ ಬದಲು ಅಟ್ಟ ನೋಡುತ್ತಿದ್ದರು. ಅಟ್ಟದ ಮೇಲೆ ಆ ವರ್ಷದ ಕಾಯಿ ಕೊಬ್ಬರಿಯಾಗುತ್ತ ಬಿದ್ದಿರುತ್ತಿತ್ತು. ಅವರು ಕೊಬ್ಬರಿ ವ್ಯಾಪಾರಿಯೂ ಆಗಿದ್ದರಿಂದ, ಆಕಾಶ ನೋಡ್ತಾರೋ ಕಾಯಿ ನೋಡ್ತಾರೋ ಆ ಶಿವನೇ ಬಲ್ಲ ಎಂದು ಅವ್ವ ನಗುತ್ತಿದ್ದಳು. ಅದು ನಗುವ ಕಾಲದ ಮಾತು.

ಊರಿಗೆಲ್ಲ ಅವರು ಚೇರ್ಮನ್ನರು. ಪಂಚಾಯ್ತಿ ಚುನಾವಣೆಯಲ್ಲಿ ಅವರ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಹೆದರಿಕೆಯಿಂದಲ್ಲ, ನಿಲ್ಲುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ನನಗೆ ಅವರು ದೊಡ್ಡಪ್ಪ. ರಕ್ತಸಂಬಂಧ ಏನೂ ಇರಲಿಲ್ಲ. ಅಪ್ಪ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನನಗೆ ದೊಡ್ಡಪ್ಪನಾದರು. ಅಪ್ಪನಿಗೆ ಮದುವೆಯಾದ ಹೊಸದರಲ್ಲಿ ದಾಯಾದಿಗಳು ನಮ್ಮ ತೋಟದ ಬಾವಿಗೆ ಹೋಗುವ ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿದ್ದರಂತೆ. ಕೋರ್ಟು ಕಚೇರಿ ಎಂದು ಅಪ್ಪ ಕಂಗಾಲಾಗಿ ಕೂತಿದ್ದಾಗ ಇವರು ಬೆಳಗ್ಗೆ ಗುದ್ದಲಿ ಹಿಡಿದು ಬಂದು, ಅಷ್ಟೂ ಜನ ನೋಡುತ್ತಿದ್ದಂತೆಯೇ ಬೇಲಿಯನ್ನು ಬುಡಸಮೇತ ಕಿತ್ತರಂತೆ. "ನೀರಿಗೆ ಹೋಗೋ ದಾರಿ ಕಟ್ಟೋನು ಮನುಷ್ಯ ಅಲ್ಲ ಕಣ್ರಲಾ" ಎಂದರಂತೆ. ಈ ಕತೆಯನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದರೋ.

ನಮ್ಮೂರು ತಿಪಟೂರಿನಿಂದ ಶೆಟ್ಟಿಕೆರೆಗೆ ಹೋಗುವ ಕಡೆ. ಎತ್ತ ನೋಡಿದರೂ ತೆಂಗಿನ ತೋಟ. ಊರಿನ ಪಡುವಣಕ್ಕೆ ಮಾತ್ರ ಒಂದು ಬೋರೆ, ಅಂದರೆ ಊರಿಗೆಲ್ಲ ಗೋಮಾಳವಾಗಿದ್ದ, ದನಕುರಿ ಮೇಯುವ ಎತ್ತರದ ಬಯಲು, ಮರವಿಲ್ಲದೆ ಬೋಳಾಗಿ ಮಲಗಿತ್ತು. ಗೊಲ್ಲರಹಟ್ಟಿಯ ಕುರಿಗಳೂ ಊರಿನ ದನಗಳೂ ಅಲ್ಲೇ ಮೇಯುತ್ತಿದ್ದವು. ಎಪ್ಪತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ಕಡಲೆಕಾಯಿ ಹೊಲಗಳಿಗೆ ಕಂಬಳಿಹುಳು ಬಿತ್ತು. ಹೊಲದಿಂದ ಹೊಲಕ್ಕೆ ದಂಡು ಹೋದ ಹಾಗೆ ಹೋಯಿತು. ಮನೆಯ ಗೋಡೆ, ನೀರಿನ ಹಂಡೆ, ಹಾಸಿಗೆ, ಎಲ್ಲೆಲ್ಲೂ ಹುಳು. ಮುಂದಿನ ವರ್ಷ ವಿಮಾನದಿಂದ ಔಷಧಿ ಹೊಡೆಸುತ್ತಾರೆ, ಆದರೆ ಅದು ಇಳಿಯಲು ಹತ್ತಿರದಲ್ಲಿ ಎಲ್ಲೂ ಜಾಗವಿಲ್ಲ ಎಂಬ ಸುದ್ದಿಯನ್ನು ಚೇರ್ಮನ್ನರು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡು ಬಂದರು. ಬಸ್ಸಿಳಿದವರು ಮನೆಗೂ ಹೋಗದೆ ಸೀದಾ ಬೋರೆಗೆ ಹೋಗಿ ಈ ತುದಿಯಿಂದ ಆ ತುದಿಗೆ ನಡೆದರು. ಸಂಜೆ ಕಟ್ಟೆಯ ಮೇಲೆ ಕೂತು, ಆಕಾಶ ನೋಡಿ, "ನಮ್ಮೂರಿಗೆ ಇಮಾನ ಇಳಿಸ್ತೀನಿ" ಎಂದರು.

ಯಾರೂ ನಗಲಿಲ್ಲ. ಹಟ್ಟಿಯ ಸಣ್ಣೀರಮ್ಮನೊಬ್ಬಳೇ ಅಡ್ಡ ಮಾತಾಡಿದಳು. ಗಂಡ ಸತ್ತ ಮೇಲೆ ತಾನೇ ಕಂಬಳಿ ಹೊದ್ದು, ಕೋಲು ಹಿಡಿದು ಕುರಿಮಂದೆ ಕಾಯುತ್ತಿದ್ದ ಹೆಂಗಸು.

"ನಿಮ್ ಇಮಾನ ಹುಲ್ಲು ತಿಂತದಾ ಸ್ವಾಮಿ?"

"ಇಲ್ಲ ಕಣವ್ವ."

"ನನ್ ಕುರಿ ತಿಂತವೆ."

ಚೇರ್ಮನ್ನರು ಅವಳ ಮಾತಿಗೆ ಸಿಟ್ಟಾಗಲಿಲ್ಲ. "ಮಳೆಗಾಲದಲ್ಲಿ ಒಂದ್ ನಾಕು ದಿನ ಇಮಾನ, ಮಿಕ್ಕಿದ್ ದಿನವೆಲ್ಲ ನಿನ್ ಕುರಿ. ನನ್ ಮಾತು ಕಣವ್ವ" ಎಂದರು. ನನ್ನ ಮಾತು ಎಂದು ಅವರು ಎದೆ ಮುಟ್ಟಿಕೊಂಡು ಹೇಳಿದರೆ ಅದರ ಮೇಲೆ ಇನ್ನೊಂದು ಮಾತು ಬೇಕಾಗಿರಲಿಲ್ಲ.

ಊರಿಗೆ ಊರೇ ಬೋರೆಗೆ ಇಳಿಯಿತು. ಮನೆಗೊಬ್ಬ ಆಳು, ಮನೆಗೊಂದು ಜೊತೆ ಎತ್ತು. ಕತ್ತಾಳೆ ಕಿತ್ತರು, ಕಲ್ಲು ಆಯ್ದರು, ಹುತ್ತ ಒಡೆಯುವ ಮೊದಲು ಹಾಲೆರೆದು ಕೈ ಮುಗಿದರು. ಗಾಳಿಯ ದಿಕ್ಕು ತೋರಿಸಲು ಒಂದು ಬಟ್ಟೆಯ ಚೀಲ ಬೇಕೆಂದು ಚೇರ್ಮನ್ನರು ತಿಪಟೂರಿನಿಂದ ಕೆಂಪು ಬಟ್ಟೆ ತಂದು ಅವ್ವನಿಗೆ ಕೊಟ್ಟರು. ಹೊಲಿಗೆ ಮಿಷನ್ನು ಇದ್ದದ್ದು ನಮ್ಮ ಮನೆಯಲ್ಲೇ. ಎರಡೂ ಕಡೆ ಬಾಯಿ ಬಿಟ್ಟು ಹೊಲಿಯುವ ಚೀಲ ಎಂಥದು ಎಂದು ಅವ್ವನಿಗೆ ಅರ್ಥವಾಗದೆ, ದೊಡ್ಡಪ್ಪನೇ ಮಿಷನ್ನಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಕೈ ಅಗಲಿಸಿ ಕಿರಿದು ಮಾಡಿ ತೋರಿಸಿದರು. ಅರವತ್ತರ ಹತ್ತಿರದ ಮನುಷ್ಯ, ಮುಖದಲ್ಲಿ ಮಾತ್ರ ಆಗಿನ್ನೂ ಪ್ರೈಮರಿ ಶಾಲೆಯ ಹುಡುಗಿಯಾಗಿದ್ದ ನನ್ನ ವಯಸ್ಸಿನ ಸಂತೋಷ.

ಆಮೇಲೆ ಕೃಷಿ ಇಲಾಖೆಯವರು ಬಂದು ನೋಡಿದರು. ಜಾಗ ಒಪ್ಪಿಗೆಯಾಯಿತು. ಬೋರೆಯ ಮೂಡಲ ತುದಿಗೆ ಸಾಲಾಗಿ ನಿಂತ ತೆಂಗಿನ ಮರಗಳು ಮಾತ್ರ ವಿಮಾನಕ್ಕೆ ಅಡ್ಡ ಎಂದರು. ಅವು ನಮ್ಮ ತೋಟದ ಮರಗಳು.

ಅವತ್ತು ಸಂಜೆ ನಮ್ಮ ಮನೆಗೆ ಬಂದ ಚೇರ್ಮನ್ನರು ಜಗಲಿಯ ಮೇಲೆ ಕೂರಲಿಲ್ಲ, ಅಂಗಳದಲ್ಲೇ ನಿಂತರು. ಟವಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ರುದ್ರಣ್ಣ, ಬಾಯಿ ಬಿಟ್ಟು ಕೇಳೋಕೆ ಆಯ್ತಾ ಇಲ್ಲ."

ಅಪ್ಪನಿಗೆ ಆಗಲೇ ಗೊತ್ತಾಗಿತ್ತು. "ನಮ್ ತಾತ ನೆಟ್ಟಿದ್ದು ಅಣ್ಣ ಅವು" ಎಂದರು.

"ಗೊತ್ತು ಕಣಪ್ಪ. ಅದುಕ್ಕೇ ಕಾಲು ಬತ್ತಾ ಇರ್ಲಿಲ್ಲ."

ಆಮೇಲೆ ಅಪ್ಪ, "ನೀವು ಅಂಗಳದಲ್ಲಿ ನಿಂತ್ಕಂಡು ಕೇಳೋ ಹಂಗಾಯ್ತಲ್ಲ. ಕಡೀರಿ ಬುಡಿ" ಎಂದರು. ಅವ್ವ ಒಳಗೆ ಪಾತ್ರೆಯನ್ನು ಜೋರಾಗಿ ಇಟ್ಟ ಸದ್ದು ಕೇಳಿಸಿತು.

ಫಲ ಬಿಡುವ ತೆಂಗಿನ ಮರ ಕಡಿಯುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅವ್ವ ಒಂದೊಂದು ಮರಕ್ಕೂ ಅರಿಸಿನ ಕುಂಕುಮ ಹಚ್ಚಿದಳು. ಚೇರ್ಮನ್ನರು ಕೊಡಲಿ ಬೀಳುವ ಮೊದಲು ಮರವನ್ನು ತಬ್ಬಿ ಹಣೆ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ನೋಡಿದ್ದೇನೆ. ಅದು ನಟನೆ ಎಂದು ಊರಿನವರು ಆಮೇಲೆ ಹೇಳಿದ್ದುಂಟು. ನನಗೆ ಇವತ್ತಿಗೂ ಹಾಗನ್ನಿಸುವುದಿಲ್ಲ. ನಟನೆಯಾಗಿದ್ದರೆ ನಮಗೆಲ್ಲ ಎಷ್ಟೋ ಸುಲಭವಾಗಿರುತ್ತಿತ್ತು. ಬಿದ್ದ ಮರಗಳ ಸುಳಿ ಸೀಳಿ ಒಳಗಿನ ಬಿಳಿಯ ತಿರುಳನ್ನು ಮಕ್ಕಳಿಗೆಲ್ಲ ಹಂಚಿದರು. ಸಿಹಿಯಾಗಿತ್ತು. ಅಪ್ಪ ಬಾಯಿಗೆ ಹಾಕಲಿಲ್ಲ.

ವಿಮಾನ ಬಂದ ದಿನ ಸುತ್ತಲ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ವಿಮಾನ ಹಳದಿ ಬಣ್ಣದ್ದು. ಮೊದಲು ಜೇನುಹುಳದ ಸದ್ದು, ಆಮೇಲೆ ತೋಟದ ತಲೆಯ ಮೇಲೊಂದು ಚುಕ್ಕೆ, ಆಮೇಲೆ ಇದ್ದಕ್ಕಿದ್ದಂತೆ ಅದು ನಮ್ಮ ಮುಂದೆಯೇ ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ದನಗಳು ಹಗ್ಗ ಕಿತ್ತವು. ಸಣ್ಣೀರಮ್ಮನ ಕುರಿಗಳು ಒಂದೇ ಉಸಿರಿಗೆ ಹಟ್ಟಿ ಸೇರಿದವು. ಇಳಿದು ಬಂದ ಪೈಲಟ್ಟಿಗೆ ಕನ್ನಡ ಬಾರದು, ಚೇರ್ಮನ್ನರಿಗೆ ಬೇರೆ ಏನೂ ಬಾರದು. ಎಳನೀರು ಕೆತ್ತಿ ಕೊಟ್ಟು, "ಕುಡೀರಿ ಸಾರ್, ನಮ್ದೇ ತೋಟದ್ದು. ಯೆಸ್?" ಎಂದರು. ಆತ "ಯೆಸ್" ಎಂದು ಕುಡಿದ. ಆ ವಾರವೆಲ್ಲ ಅವರಿಬ್ಬರೂ ಅದೇ ಒಂದು ಮಾತಿನಲ್ಲಿ ಸಂಸಾರ ನಡೆಸಿದರು.

ಔಷಧಿ ಹೊಡೆಯುವ ಆ ವಿಮಾನದಲ್ಲಿ ಒಬ್ಬರೇ ಕೂರಲು ಜಾಗ. ಎರಡನೆಯ ವರ್ಷ ಕೆಲಸ ನೋಡಲು ಬಂದ ಅಧಿಕಾರಿಯೊಬ್ಬರು ನಾಲ್ಕು ಸೀಟಿನ ಸಣ್ಣ ಬಿಳಿಯ ವಿಮಾನದಲ್ಲಿ ಇಳಿದರು. ಅವರು ಹೊಲ ನೋಡಲು ಜೀಪಿನಲ್ಲಿ ಹೋದಾಗ, ಆ ವಿಮಾನದ ಪೈಲಟ್ಟು ಚೇರ್ಮನ್ನರನ್ನು ಒಂದು ಸುತ್ತು ಕರೆದುಕೊಂಡು ಹೋಗಲು ಒಪ್ಪಿದ. ಜನರ ಗುಂಪಿನಲ್ಲಿ ಅವರ ಸ್ವಂತ ಮಗನಿದ್ದ, ಅಳಿಯನಿದ್ದ. ಚೇರ್ಮನ್ನರು ನನ್ನ ಕಡೆ ಕೈ ತೋರಿಸಿದರು.

"ರುದ್ರಣ್ಣ, ಈ ಮಗೀನ ಕರ್ಕಂಡ್ ಹೋಗ್ಲಾ? ನಿನ್ ಜೊತೆ ತಿರುಗಿ ತಿರುಗಿ ಊರಿನ ತೋಟವೆಲ್ಲ ಇದುಕ್ಕೆ ಬಾಯಿಪಾಠ ಆಗವೆ."

ಅಪ್ಪ ಹೂಂ ಎನ್ನುವ ಮೊದಲೇ ನಾನು ಓಡಿದ್ದೆ. ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ.

ನೆಲ ಬಿಟ್ಟದ್ದು ಯಾವಾಗ ಎಂದು ತಿಳಿಯಲೇ ಇಲ್ಲ. ಕಿಟಕಿಯಲ್ಲಿ ನೋಡಿದರೆ ನಾವು ದಿನಾ ಕತ್ತೆತ್ತಿ ನೋಡುವ ತೆಂಗಿನ ಮರಗಳೆಲ್ಲ ಹಸಿರು ನಕ್ಷತ್ರಗಳ ಹಾಗೆ ಕೆಳಗೆ ಹರಡಿಕೊಂಡಿದ್ದವು. ಮರದ ತಲೆಯನ್ನು ನಾನು ಅವತ್ತಿನವರೆಗೂ ನೋಡಿರಲಿಲ್ಲ. ಬಡಗಣದಲ್ಲಿ ಬಲು ದೂರಕ್ಕೆ ಬೋರನಕಣಿವೆ ಜಲಾಶಯದ ನೀರು ತಗಡಿನಂತೆ ಹೊಳೆಯಿತು. ದೊಡ್ಡಪ್ಪ ಮುಂದಿನ ಸೀಟಿನಿಂದ ತಿರುಗಿ, ಸದ್ದಿನ ಮೇಲೆ ಕೂಗಿ ಕೇಳುತ್ತಿದ್ದರು: "ಅದ್ಯಾರ್ದು ಮಗ? ಅದರಾಚೆದು?" ನಾನು ಹೆಸರುಗಳನ್ನು ಕೂಗುತ್ತಿದ್ದೆ. ಬೋರೆಯ ಮೇಲೆ ಬಂದಾಗ ಒಂದು ವಿಚಿತ್ರ ಕಂಡಿತು. ಕೆಳಗೆ ನಿಂತಾಗ ಒಂದೇ ಬಣ್ಣದ ಒಣ ಬಯಲು. ಮೇಲಿನಿಂದ ಅದರ ನಡುವೆ ಹಳ್ಳದ ಕಡೆಯಿಂದ ಕೆರೆಯ ಕಡೆಗೆ ದಟ್ಟ ಹಸಿರಿನ ಒಂದು ಗೆರೆ ಹಾದುಹೋಗಿತ್ತು.

"ದೊಡ್ಡಪ್ಪ, ಅಲ್ ನೋಡಿ, ಹಸಿರು ಗೆರೆ. ಅಡೀಲಿ ನೀರೈತೆ ಅನ್ಸುತ್ತೆ."

ಅವರು ಬಹಳ ಹೊತ್ತು ನೋಡಿದರು. ಪೈಲಟ್ಟಿಗೆ ಕೈಸನ್ನೆ ಮಾಡಿ ಇನ್ನೊಂದು ಸುತ್ತು ಹಾಕಿಸಿ ಮತ್ತೆ ನೋಡಿದರು. ಇಳಿದ ಮೇಲೆ ನನ್ನ ತಲೆ ನೇವರಿಸಿ, "ನಿನ್ ಕಣ್ಣು ಹದ್ದಿನ್ ಕಣ್ಣು ಕಣವ್ವ" ಎಂದರು. ನಾನು ಆ ಮಾತನ್ನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅಂಥ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಮೂರನೆಯ ವರ್ಷ ವಿಮಾನ ಬರಲಿಲ್ಲ. ಹುಳು ಕಡಿಮೆಯಾಗಿತ್ತು. ಅದರ ಮುಂದಿನ ವರ್ಷವೂ ಇಲ್ಲ. ಕೇಳಿದರೆ ಚೇರ್ಮನ್ನರು ಆಕಾಶ ನೋಡಿ, "ಬತ್ತದೆ, ಬತ್ತದೆ. ಈ ಸಲ ದೊಡ್ಡದೇ ಬತ್ತದಂತೆ. ನೆಲ ಮಾತ್ರ ಹಾಳು ಮಾಡಬ್ಯಾಡ್ರಿ" ಎನ್ನುತ್ತಿದ್ದರು. ದನ ಕುರಿಯ ಗೊರಸು ಬಿದ್ದರೆ ನೆಲ ಗುಂಡಿ ಬೀಳುತ್ತದೆ, ಚಕ್ರ ಸಿಕ್ಕಿಕೊಳ್ಳುತ್ತದೆ ಎಂದು ಬೋರೆಗೆ ಯಾರೂ ದನ ಬಿಡದಂತೆ ಕಟ್ಟುಮಾಡಿದರು. ನಾಕು ದಿನ ಇಮಾನ, ಮಿಕ್ಕ ದಿನ ಕುರಿ ಎಂಬ ಮಾತು ಎಲ್ಲಿ ಹೋಯಿತೋ. ಜನ ಒಪ್ಪಿದರು. ನಮ್ಮೂರಿಗೆ ವಿಮಾನ ಬರುತ್ತದೆ ಎನ್ನುವ ಹೆಮ್ಮೆ ಯಾರಿಗೂ ಬಿಡಲಾಗದಂತಿತ್ತು. ತೋಟ ಬೋರೆಯ ಅಂಚಿಗೇ ಇದ್ದದ್ದರಿಂದ ಕಾವಲು ಅಪ್ಪನ ಪಾಲಿಗೆ ಬಂತು. ಸಣ್ಣೀರಮ್ಮ ಒಂದೆರಡು ಸಲ ಮಂದೆ ತಂದಾಗ ಅಪ್ಪನೇ ಕೋಲು ಬೀಸಿ ತಿರುಗಿಸಿದರು. ಆಕೆ ಗುಡ್ಡದ ಕಡೆಗೆ, ಅರ್ಧ ದಿನದ ದಾರಿ, ಕುರಿ ಹೊಡೆದುಕೊಂಡು ಹೋಗತೊಡಗಿದಳು. "ಊರಿನ ಕೆಲಸ ಕಣವ್ವ" ಎಂದು ಅಪ್ಪ ಅವಳ ಬೆನ್ನಿಗೆ ಹೇಳುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ಬಸ್ಸಿಗೆ ಹೋಗುತ್ತ ಬೋರೆಯ ಕಡೆ ನೋಡಿದೆ. ಕಲ್ಲುಕಂಬ ನೆಡುತ್ತಿದ್ದರು. ಅದರೊಳಗೆ ಆಳುಗಳು ಗುಂಡಿ ತೋಡುತ್ತಿದ್ದರು. ತೆಂಗಿನ ಸಸಿಯ ಗುಂಡಿಯನ್ನು ನಮ್ಮ ಕಡೆಯ ಯಾರೂ ಬೇರೆ ಏನೋ ಎಂದು ತಿಳಿಯುವುದಿಲ್ಲ. ನಾನು ಬಸ್ಸು ಬಿಟ್ಟು ಮನೆಗೆ ಓಡಿದೆ. ಅಪ್ಪ ಎಮ್ಮೆ ಹಾಲು ಕರೆಯುತ್ತಿದ್ದವರು ಹಾಗೇ ಎದ್ದು ಬಂದರು.

ಚೇರ್ಮನ್ನರು ಬೇಲಿಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅಪ್ಪನನ್ನು ನೋಡಿ ಮುಖ ತಿರುಗಿಸಲಿಲ್ಲ. ಬಾ ಎಂದು ಕರೆದರು.

"ಏನಣ್ಣ ಇದು?"

"ಮಂಜೂರಾಯ್ತು ಕಣ್ಲಾ ರುದ್ರ. ಸರ್ಕಾರ ಯಾರ್ಗಾದ್ರೂ ಕೊಟ್ಟೇ ಕೊಡ್ತಿತ್ತು. ಪರ ಊರೋರು ಆಗ್ಲೇ ಅರ್ಜಿ ಹಿಡ್ಕಂಡು ಓಡಾಡ್ತಿದ್ರು. ಮಗನ ಹೆಸರಿಗೊಂದಿಷ್ಟು, ಅಳಿಯನ ಹೆಸರಿಗೊಂದಿಷ್ಟು ಮಾಡ್ಸಿದೆ. ಊರಲ್ಲೇ ಉಳೀತಲ್ಲ."

"ಮತ್ತೆ ಇಮಾನ?"

ಅವರು ಒಮ್ಮೆ ಮೇಲೆ ನೋಡಿದರು. "ಇಮಾನ ಎಲ್ ಬತ್ತದಪ್ಪ ಇನ್ನು."

"ಮತ್ತೆ ಬತ್ತದೆ ಬತ್ತದೆ ಅಂತಿದ್ರಲ್ಲ. ಕಾವಲಿಗೆ ನನ್ನ ನಿಲ್ಸಿದ್ರಲ್ಲ."

ಅವರು ಬೇಲಿಯ ಮೂಡಲ ತುದಿ ತೋರಿಸಿ, "ನಿನ್ ಜಾಗ ಒಂದ್ ಗೇಣು ಮುಟ್ಟಿಲ್ಲ ಕಣೋ. ಬೇಕಾದ್ರೆ ಅಳ್ಕ. ನಿಮ್ಮಪ್ಪನ ಕಾಲದ ಕಲ್ಲಿಂದ ಈಚೆಗೇ ಕಂಬ ಹಾಕ್ಸಿದೀನಿ" ಎಂದರು. ನಿಜವಾಗಿಯೂ ಮುಟ್ಟಿರಲಿಲ್ಲ. ಮರ ಕಡಿದ ನಮ್ಮ ತುಂಡು, ಬೊಡ್ಡೆಗಳ ಸಮೇತ, ತಂತಿಯ ಆಚೆ ಹಾಗೆಯೇ ಬಿದ್ದಿತ್ತು. ತಾವು ಪ್ರಾಮಾಣಿಕರು ಎಂಬ ನಂಬಿಕೆ ಅವರ ದನಿಯಲ್ಲಿ ಅಷ್ಟು ಗಟ್ಟಿಯಾಗಿತ್ತು. ಅಪ್ಪ ಇನ್ನೇನೋ ಹೇಳುತ್ತಾರೆಂದು ಕಾದೆ.

"ಸರಿ ಬುಡಿ ಚೇರ್ಮನ್ರೇ" ಎಂದರು ಅಪ್ಪ.

ಅದೇ ಮೊದಲು ಅವರನ್ನು ಹಾಗೆ ಕರೆದದ್ದು. ಚೇರ್ಮನ್ನರ ಕೊಡೆ ಸ್ವಲ್ಪ ವಾಲಿತು. ಅದಾದ ಮೇಲೆ ಅಪ್ಪ ಅವರ ಜೊತೆ ಮಾತಾಡಲಿಲ್ಲ. ಬೇರೆ ಕೆಲವರು ಕೂಗಾಡಿದರು, ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಗೆ ಹೋಗಿ ಬಂದರು. ಒಂದು ಮಳೆಗಾಲ ಕಳೆಯುವುದರೊಳಗೆ ಅವರೇ ಆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಬೋರ್‌ವೆಲ್ ಲಾರಿ ಬಂದು ಬೋರೆಯ ನಡುವೆ ಕೊರೆದಾಗ ಆಳೆತ್ತರಕ್ಕೆ ನೀರು ಚಿಮ್ಮಿತು. ಹಸಿರು ಗೆರೆಯಿದ್ದ ಜಾಗವೇ ಅದು.

ಸಣ್ಣೀರಮ್ಮ ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆವು. ಒಂದು ಸಂಜೆ ನೋಡಿದರೆ ಅವಳ ಮಂದೆ ಆ ಬೇಲಿಯ ಒಳಗೇ ಕೂತಿತ್ತು. ಸಸಿಗಳಿಗೆ ಗೊಬ್ಬರವಾಗಲೆಂದು ಚೇರ್ಮನ್ನರು ಕುರಿ ನಿಲ್ಲಿಸಲು ಅವಳನ್ನು ಕರೆಸಿದ್ದರು. ಅಪ್ಪನಿಗೆ ತಡೆಯಲಾಗಲಿಲ್ಲ. "ನಿಂಗೂ ಆ ತೋಟವೇ ಬೇಕಾಯ್ತಾ?" ಎಂದು ಬೇಲಿಯಾಚೆಯಿಂದ ಕೇಳಿದರು.

"ನೀನು ಓಡಿಸ್ದೆ, ಅವ್ರು ಕರದ್ರು" ಎಂದಳು ಆಕೆ, ಸಿಟ್ಟಿಲ್ಲದೆ. "ನನ್ ಕುರಿಗೆ ಏನಪ್ಪ ಗೊತ್ತು, ಯಾರ್ ಒಳ್ಳೇರು ಅಂತ."

ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ಬೋರೆ ಹೋದದ್ದಕ್ಕಿಂತ, ಮರ ಹೋದದ್ದಕ್ಕಿಂತ, ಕೋಲು ಹಿಡಿದು ನಿಂತಿದ್ದು ಅವರನ್ನು ತಿಂದಿತು ಎಂದು ನನಗೆ ಅನ್ನಿಸುತ್ತದೆ. ಕಡಿದ ಆ ತುಂಡಿನಲ್ಲಿ ಮತ್ತೆ ಅವರು ತೆಂಗು ಇಡಲಿಲ್ಲ. ಹುರುಳಿ ಚೆಲ್ಲುತ್ತಿದ್ದರು.

ಕೆಲವು ವರ್ಷಗಳ ನಂತರ ನಾನು ತಿಪಟೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಸಂಜೆ ಊರಿಗೆ ಬರುವ ಬಸ್ಸಿನಲ್ಲಿ ದೊಡ್ಡಪ್ಪ ಸಿಕ್ಕಿದರು. ಬಹಳ ಇಳಿದುಹೋಗಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು, ಏನೂ ಆಗಿಲ್ಲವೆಂಬಂತೆ ಕಾಲೇಜಿನ ವಿಷಯ, ಅವ್ವನ ಮಂಡಿನೋವಿನ ವಿಷಯ ಕೇಳಿದರು. ಎಷ್ಟೋ ದಿನದಿಂದ ಒಳಗಿದ್ದುದು ನನ್ನ ಬಾಯಿಂದ ಹೊರಗೆ ಬಂತು.

"ದೊಡ್ಡಪ್ಪ, ಮೊದಲಿಂದಲೂ ನಿಮ್ಗೆ ಅದೇ ಮನಸ್ಸಿತ್ತಾ?"

ಯಾವುದು ಎಂದು ಅವರು ಕೇಳಲಿಲ್ಲ. ಕಿಟಕಿಯಾಚೆ ನೋಡಿದರು.

"ಇಲ್ಲ ಕಣವ್ವ. ನಿಂಗ್ಯಾಕೆ ಸುಳ್ಳು ಹೇಳ್ಲಿ. ಇಮಾನ ಇಳೀಬೇಕು ಅಂತ್ಲೇ ನಂಗಿದ್ದಿದ್ದು. ಹುಡುಗನಾಗಿಂದ ಅದೊಂದು ಹುಚ್ಚು." ನನ್ನ ಕಡೆ ತಿರುಗಿ, "ಅವತ್ತು ಮ್ಯಾಲೆ ಹೋದ್ವಲ್ಲ, ಅವತ್ತು ಬಂದಿದ್ದು ಆ ಮನಸ್ಸು. ನೀನು ಆ ಗೆರೆ ತೋರಿಸ್ದೆ ನೋಡು. ಇಷ್ಟು ನೀರಿಟ್ಕಂಡು ಸುಮ್ನೆ ಬಿದ್ದೈತಲ್ಲ ಈ ನೆಲ ಅನ್ನುಸ್ತು. ನೀನು ಹೇಳ್ದೆ ಇದ್ರೆ ನಂಗೆ ಕಾಣ್ತಾನೇ ಇರ್ಲಿಲ್ಲ" ಎಂದರು.

ಅದನ್ನು ಅವರು ಆಕ್ಷೇಪಣೆಯಾಗಿ ಹೇಳಲಿಲ್ಲ. ಇಬ್ಬರೂ ಸೇರಿ ಮಾಡಿದ ಒಂದು ಒಳ್ಳೆಯ ಕೆಲಸದಲ್ಲಿ ನನ್ನ ಪಾಲನ್ನು ನನಗೆ ಕೊಡುವವರಂತೆ, ಪ್ರೀತಿಯಿಂದಲೇ ಹೇಳಿದರು. ಊರು, ಬೋರೆ, ಅಪ್ಪನ ಮರ, ಇವೆಲ್ಲ ಹೋಗಿದ್ದರೂ ಆ ಹಾರಾಟವೊಂದನ್ನು ನಾನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ಅದು ನನ್ನದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದೆ. ಅದನ್ನೂ ಅವರು ತೆಗೆದುಕೊಂಡುಬಿಟ್ಟರು. ನಾನು ಎದ್ದು, ಊರು ಬರುವವರೆಗೂ ಕಂಬಿ ಹಿಡಿದು ನಿಂತೆ. "ಕೂತ್ಕೊಳವ್ವ, ಕಾಲು ನೋಯ್ತದೆ" ಎಂದು ಅವರು ಕರೆಯುತ್ತಲೇ ಇದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ನಾನು ಮದುವೆಯಾಗಿ ತುರುವೇಕೆರೆಯಲ್ಲಿದ್ದೆ, ಹೇಳಿ ಕಳಿಸಿದಾಗ ಬಂದೆ. ನಮ್ಮವರಲ್ಲಿ ಕೂರಿಸಿ ಹೂಳುವ ಪದ್ಧತಿ. ಅವರ ಹಿರಿಯರ ಗದ್ದುಗೆಗಳೆಲ್ಲ ಕೆರೆಯ ಹತ್ತಿರದ ಹಳೆಯ ತೋಟದಲ್ಲಿದ್ದವು. ಆದರೆ ಗುಂಡಿ ತೋಡಿದ್ದು ಬೋರೆಯ ತೋಟದ ನಟ್ಟನಡುವೆ. ಅವರೇ ಹೇಳಿಟ್ಟಿದ್ದರಂತೆ. ಯಾಕೆ ಎಂದು ಮಗ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗದ್ದುಗೆ ಇರುವ ನೆಲವನ್ನು ನಾಳೆ ಯಾರು ಗೋಮಾಳವೆಂದು ಕೇಳಿಯಾರು? ಕೇಳಿದರೂ ಯಾವ ಅಧಿಕಾರಿ ಬಿಡಿಸಿಕೊಟ್ಟಾನು? ಸತ್ತ ಮೇಲೂ ಆ ಜಾಗ ಬಿಡದ ಹಾಗೆ ಮಾಡಿಕೊಂಡಿದ್ದರು.

ಅಪ್ಪ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಲ್ಲರಿಗಿಂತ ಮೊದಲೇ ಹೊರಟರು. ಸಸಿಗಳು ಆಗಲೇ ಮರವಾಗಿ ಹೊಂಬಾಳೆ ಬಿಟ್ಟಿದ್ದವು. ಅಯ್ಯನವರು ಮಂತ್ರ ಹೇಳಿ ಮುಗಿಸಿದ ಮೇಲೆ ಒಬ್ಬೊಬ್ಬರೇ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ಅಪ್ಪನ ಸರದಿ ಬಂತು. ಬಗ್ಗಿ ಹಿಡಿ ತುಂಬ ಮಣ್ಣು ತೆಗೆದುಕೊಂಡು ಹಾಗೇ ನಿಂತರು.

"ಹಾಕಿ ಚಿಕ್ಕಪ್ಪ" ಎಂದ ಚೇರ್ಮನ್ನರ ಮಗ.

"ಇದ್ನ ಹಾಕಲ್ಲ ಕಣಪ್ಪ" ಎಂದರು ಅಪ್ಪ, ಮೆಲ್ಲಗೆ. "ಇಷ್ಟಾದ್ರೂ ಊರಿಗೆ ಉಳೀಲಿ."

ಮುಷ್ಟಿ ಬಿಗಿಹಿಡಿದುಕೊಂಡೇ ಜನರ ನಡುವೆ ನಡೆದು ಬೇಲಿ ದಾಟಿ ಹೋದರು. ಯಾರೂ ತಡೆಯಲಿಲ್ಲ. ನಾನು ಹೆಂಗಸರ ಗುಂಪಿನಲ್ಲಿದ್ದೆ. ಅಪ್ಪನ ಹಿಂದೆಯೇ ಹೋಗಿಬಿಡಬೇಕು ಎನ್ನಿಸಿತು. ಹೋಗಲಿಲ್ಲ, ಗುಂಡಿಯ ಹತ್ತಿರಕ್ಕೆ ಸರಿದೆ. ಗುಂಡಿಯೊಳಗೆ ದೊಡ್ಡಪ್ಪ ಕೂತ ಭಂಗಿಯಲ್ಲಿದ್ದರು, ಕತ್ತು ಬಾಗದಿರಲೆಂದು ಹಣೆಗೆ ಬಟ್ಟೆ ಕಟ್ಟಿದ್ದರು. ಅವರ ಮೇಲೆ ನನಗಿದ್ದ ಸಿಟ್ಟಿನಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆದರೂ ಅಳು ಬಂತು. ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬಂದೆ.

ಅಪ್ಪ ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದರು. ನನ್ನ ಕಡೆ ನೋಡದೆಯೇ ಕೇಳಿದರು:

"ನೀನು ಹಾಕಿದ್ಯಾ?"

"ಹಾಕ್ದೆ ಅಪ್ಪ."

ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ಪಾದದ ಮೇಲೆ ಸುರಿದುಕೊಂಡರು.

"ಒಳ್ಳೇದಾಯ್ತು ಬುಡು" ಎಂದರು. "ನಮ್ ಮನೆಯಿಂದ ಒಬ್ರಾದ್ರೂ ಹಾಕ್ಬೇಕಿತ್ತು."